ಕ್ರ್ಯಾಶ್ ಆದ ಮೇಲೆ ವಿಂಡೋಸ್ ಏಳುತ್ತಿಲ್ಲವೇ? ಫಾರ್ಮ್ಯಾಟ್‌ಗೂ ಮುನ್ನ ಹೀಗೆ ಮಾಡಿ

ಕೆಲಸದ ನಡುವೆ ನೀಲಿ ಪರದೆ ಬಂತು, ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಯಿತು, ಆಮೇಲೆ ಲೋಗೋ ಕೆಳಗೆ ಚುಕ್ಕಿಗಳು ಸುತ್ತುತ್ತಲೇ ಇವೆ. ರಿಪೇರಿ ಅಂಗಡಿಗೆ ಒಯ್ದರೆ ಮೊದಲು ಸಿಗುವ ಸಲಹೆ, 'ಫಾರ್ಮ್ಯಾಟ್ ಮಾಡಿಬಿಡೋಣ'. ಅದು ಕಡೆಯ ದಾರಿ. ಎಷ್ಟೋ ಸಲ ಕೆಟ್ಟಿರುವುದು ಒಂದು ಡ್ರೈವರ್ ಅಥವಾ ಅಪ್‌ಡೇಟ್ ಮಾತ್ರ. ಫೋಟೋ, ಕಡತಗಳು ಡಿಸ್ಕ್‌ನಲ್ಲಿ ಹಾಗೇ ಇರುತ್ತವೆ.

ಮೊದಲು ಕಾಯಿರಿ. ಕ್ರ್ಯಾಶ್ ನಂತರ ವಿಂಡೋಸ್ ಡಿಸ್ಕ್ ತಪಾಸಣೆ ನಡೆಸುತ್ತಿರಬಹುದು. ಹಳೆಯ ಹಾರ್ಡ್‌ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯಬಹುದು. ಡಿಸ್ಕ್ ದೀಪ ಮಿನುಗುತ್ತಿದ್ದರೆ ಮುಟ್ಟಬೇಡಿ. ಯಾವ ಚಲನೆಯೂ ಇಲ್ಲದಿದ್ದರೆ ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ. ಪೆನ್‌ಡ್ರೈವ್, ಪ್ರಿಂಟರ್ ಎಲ್ಲ ತೆಗೆದು ಮತ್ತೆ ಆನ್ ಮಾಡಿ.

ಆಗಲೂ ಅಲ್ಲೇ ನಿಂತರೆ, ಲೋಗೋ ಕಂಡೊಡನೆ ಅದೇ ಬಟನ್ ಒತ್ತಿ ಆಫ್ ಮಾಡಿ. ಎರಡು-ಮೂರು ಬಾರಿ ಹೀಗೆ ಮಾಡಿದರೆ ವಿಂಡೋಸ್ 10 ಮತ್ತು 11ರಲ್ಲಿ ರಿಪೇರಿ ಪರದೆ ತಾನೇ ತೆರೆದುಕೊಳ್ಳುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ ರೀಸ್ಟಾರ್ಟ್ ಕೊಡಿ; ಬಳಿಕ 4 ಒತ್ತಿದರೆ ಸೇಫ್ ಮೋಡ್. ಇದರಲ್ಲಿ ಅತ್ಯಗತ್ಯ ಡ್ರೈವರ್‌ಗಳಷ್ಟೇ ಓಡುತ್ತವೆ. ಇಲ್ಲಿ ಕಂಪ್ಯೂಟರ್ ಸರಾಗವಾಗಿ ನಡೆದರೆ ಇತ್ತೀಚೆಗೆ ಹಾಕಿದ ಸಾಫ್ಟ್‌ವೇರ್ ಮೇಲೆಯೇ ಅನುಮಾನ. ಮುಖ್ಯ ಕಡತಗಳನ್ನು ಮೊದಲು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡು, ಆಮೇಲೆ ಅದನ್ನು ತೆಗೆದುಹಾಕಿ.

ಒಂದು ತೊಡಕಿದೆ: ಬಿಟ್‌ಲಾಕರ್. ಡಿಸ್ಕ್‌ಗೆ ಈ ಬೀಗ ಬಿದ್ದಿದ್ದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೆಟ್ಟು ನಿಂತಾಗ ಪರಿಹಾರವೇನೋ ಸರಳವಾಗಿತ್ತು: ಸೇಫ್ ಮೋಡ್‌ಗೆ ಹೋಗಿ ಒಂದು ಕಡತ ಅಳಿಸುವುದು. ಬಿಟ್‌ಲಾಕರ್ ಇದ್ದ ಕಡೆ ಮಾತ್ರ ಒಂದೊಂದು ಯಂತ್ರಕ್ಕೂ ಅದರದೇ ಕೀ ಹುಡುಕಬೇಕಾಯಿತು. ಮನೆಯ ಲ್ಯಾಪ್‌ಟಾಪ್ ಆದರೆ ಇದು ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಮೊಬೈಲ್‌ನಿಂದಲೇ ನೋಡಬಹುದು. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಬರೆದಿಟ್ಟುಕೊಂಡರೆ ಒಳ್ಳೆಯದು.

ಯಾವುದೂ ಫಲಿಸದಿದ್ದರೆ ರೀಸೆಟ್. 'ಕೀಪ್ ಮೈ ಫೈಲ್ಸ್' ಆರಿಸಿದರೆ ಕಡತಗಳು ಉಳಿಯುತ್ತವೆ, ನೀವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ. ನುಡಿ, ಬರಹ ಮತ್ತೆ ಹಾಕುವವರೆಗೆ ಹಳೆಯ ಕನ್ನಡ ಕಡತಗಳಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಗಾಬರಿ ಬೇಡ, ಏನೂ ಅಳಿಸಿಹೋಗಿಲ್ಲ.

ಹಾರ್ಡ್‌ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಮಾತ್ರ ಇದ್ಯಾವುದನ್ನೂ ಮಾಡಬೇಡಿ. ಪದೇ ಪದೇ ಆನ್ ಮಾಡಿದಷ್ಟೂ ಹಾನಿ ಹೆಚ್ಚು. ಆಫ್ ಮಾಡಿ, ಡೇಟಾ ರಿಕವರಿ ಮಾಡುವವರ ಬಳಿಗೆ ಒಯ್ಯಿರಿ.