ಎಷ್ಟು ಕೆಡಬಹುದು, ಎಷ್ಟು ಕೆಟ್ಟಿತು: ಇಆರ್‌ಪಿ ತಂತ್ರಾಂಶದಲ್ಲಿ ಸ್ಕ್ರ್ಯಾಪ್ ದಾಖಲೆಯ ಚರಿತ್ರೆ

ಕಾರ್ಖಾನೆಯ ಸ್ಕ್ರ್ಯಾಪ್ ಬಗ್ಗೆ ಎರಡು ಪ್ರಶ್ನೆ ಕೇಳಬಹುದು. ಈ ಆರ್ಡರಿನಲ್ಲಿ ಎಷ್ಟು ಕೆಡಬಹುದು ಎಂಬುದು ಒಂದು; ನಿನ್ನೆಯ ಶಿಫ್ಟಿನಲ್ಲಿ ಎಷ್ಟು ಕೆಟ್ಟಿತು, ಏಕೆ ಕೆಟ್ಟಿತು ಎಂಬುದು ಇನ್ನೊಂದು. ಮೊದಲನೆಯದು ಪ್ಲಾನಿಂಗ್ ವಿಭಾಗದ ಪ್ರಶ್ನೆ, ಎರಡನೆಯದು ಮೆಷಿನ್ ಮುಂದೆ ನಿಂತವರದ್ದು. ತಯಾರಿಕಾ ತಂತ್ರಾಂಶಗಳಲ್ಲಿ ಮೊದಲನೆಯದಕ್ಕೆ ಬೇಗ, ಅಚ್ಚುಕಟ್ಟಾಗಿ ಜಾಗ ಸಿಕ್ಕಿತು. ಎರಡನೆಯದಕ್ಕೆ ಸಿಕ್ಕ ಜಾಗ ಬಹುಪಾಲು ಲೆಕ್ಕಪತ್ರದ ಮತ್ತು ತೆರಿಗೆ ಕಾನೂನಿನ ಒತ್ತಾಯದಿಂದ ಬಂದದ್ದು ಎಂಬುದು ಈ ಲೇಖನದ ವಾದ.

ಇದರ ಬೇರು ಕಂಪ್ಯೂಟರಿಗಿಂತ ಹಳೆಯದು. 1911ರಲ್ಲಿ ಅಮೆರಿಕದಲ್ಲಿ ಜಿ. ಚಾರ್ಟರ್ ಹ್ಯಾರಿಸನ್ ಸ್ಟ್ಯಾಂಡರ್ಡ್ ಕಾಸ್ಟಿಂಗ್‌ನ ಪೂರ್ಣ ವ್ಯವಸ್ಥೆಯೊಂದನ್ನು ರೂಪಿಸಿದರು. ಒಂದು ವಸ್ತುವಿಗೆ ಎಷ್ಟು ಕಚ್ಚಾ ಮಾಲು, ಎಷ್ಟು ಗಂಟೆ ಕೆಲಸ ತಗಲಬೇಕು ಎಂದು ಮೊದಲೇ ಗೊತ್ತುಮಾಡಿ, ಆಮೇಲೆ ತಗಲಿದ್ದನ್ನು ಅದರ ಪಕ್ಕ ಇಟ್ಟು ನೋಡುವ ಪದ್ಧತಿ ಇದು. ಕಾಸ್ಟ್ ಅಕೌಂಟೆಂಟರು ನಷ್ಟವನ್ನು ಸಾಮಾನ್ಯ, ಅಸಾಮಾನ್ಯ ಎಂದು ಎರಡಾಗಿ ಸೀಳಿದರು. ಸಾಮಾನ್ಯ ನಷ್ಟದ ವೆಚ್ಚವನ್ನು ಒಳ್ಳೆಯ ಪೀಸುಗಳೇ ಹೊರುತ್ತವೆ. ಅಸಾಮಾನ್ಯವಾದದ್ದು ನೇರವಾಗಿ ಲಾಭ-ನಷ್ಟದ ಖಾತೆಗೆ ಹೋಗುತ್ತದೆ. ಇಂದಿನ ಭಾರತದ ಇಂಡ್ ಎಎಸ್ 2 ಕೂಡ ಇದನ್ನೇ ಹೇಳುತ್ತದೆ: ಅಸಾಮಾನ್ಯ ಪ್ರಮಾಣದಲ್ಲಿ ಹಾಳಾದ ಮಾಲಿನ ವೆಚ್ಚ ದಾಸ್ತಾನಿನ ಬೆಲೆಯಲ್ಲಿ ಸೇರಕೂಡದು. ವಿಂಗಡಣೆ ನ್ಯಾಯವಾದದ್ದೇ. ಆದರೆ ‘ಸಾಮಾನ್ಯ’ ಎಂಬ ಹಣೆಪಟ್ಟಿ ಬಿದ್ದ ಸ್ಕ್ರ್ಯಾಪ್ ಬಗ್ಗೆ ಮತ್ತೆ ಯಾರೂ ವಿಚಾರಿಸುವುದಿಲ್ಲ.

ವಿಚಾರಿಸಬೇಕು ಎಂದವರು ವಾಲ್ಟರ್ ಶೂಹಾರ್ಟ್. ವೆಸ್ಟರ್ನ್ ಎಲೆಕ್ಟ್ರಿಕ್‌ನಲ್ಲಿದ್ದಾಗ 1924ರ ಮೇ ತಿಂಗಳಲ್ಲಿ ಒಂದು ಪುಟ್ಟ ಟಿಪ್ಪಣಿಯಲ್ಲಿ ಅವರು ಕಂಟ್ರೋಲ್ ಚಾರ್ಟಿನ ಕಲ್ಪನೆ ಮಂಡಿಸಿದರು. 1931ರಲ್ಲಿ ಅದು ಪುಸ್ತಕವಾಗಿ ಬೆಳೆಯಿತು. ಯಾವ ಏರುಪೇರು ಆಕಸ್ಮಿಕ, ಯಾವುದರ ಹಿಂದೆ ಹುಡುಕಿ ತೆಗೆಯಬಹುದಾದ ಕಾರಣ ಇದೆ ಎಂಬುದು ಅವರ ಪ್ರಶ್ನೆ. ಅಕೌಂಟೆಂಟರ ‘ಸಾಮಾನ್ಯ’ಕ್ಕೂ ಶೂಹಾರ್ಟರ ‘ಆಕಸ್ಮಿಕ’ಕ್ಕೂ ಹೋಲಿಕೆ ಇದೆ ಅನ್ನಿಸಿದರೂ ಒಂದು ಕಳೆದ ವರ್ಷದ ಸರಾಸರಿಯಿಂದಲೋ ಒಪ್ಪಂದದಿಂದಲೋ ಬಂದದ್ದು, ಇನ್ನೊಂದು ಅಳತೆಯಿಂದ ಬಂದದ್ದು. ತಂತ್ರಾಂಶ ಹುಟ್ಟಿದಾಗ ಅದರ ಕೈಗೆ ಸುಲಭವಾಗಿ ಸಿಕ್ಕಿದ್ದು ಮೊದಲನೆಯದು.

1960ರ ದಶಕದ ಆರಂಭದಲ್ಲಿ ಟ್ರಾಕ್ಟರ್ ತಯಾರಿಸುವ ಜೆ.ಐ. ಕೇಸ್ ಕಂಪನಿಯಲ್ಲಿ ಜೋಸೆಫ್ ಆರ್ಲಿಕಿ ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್ ಅಂದರೆ ಎಂಆರ್‌ಪಿ ಪದ್ಧತಿಯನ್ನು ಕಂಪ್ಯೂಟರಿಗೆ ಏರಿಸಿದರು. ಅವರ ಪುಸ್ತಕ 1975ರಲ್ಲಿ ಬಂತು. ಇತ್ತ ಐಬಿಎಂ, ಬಿಲ್ ಆಫ್ ಮೆಟೀರಿಯಲ್ ಅಂದರೆ ಬಿಒಎಂ ಅನ್ನು ಡಿಸ್ಕಿನಲ್ಲಿ ಇಟ್ಟು ನಡೆಸುವ ತಂತ್ರಾಂಶಗಳನ್ನು ಅದೇ ದಶಕದಲ್ಲಿ ಗ್ರಾಹಕರಿಗೆ ಕೊಡತೊಡಗಿತು. 1972ರಲ್ಲಿ ಕೋಪಿಕ್ಸ್ ಎಂಬ ವಿಸ್ತಾರವಾದ ಯೋಜನೆಯನ್ನು ಮುಂದಿಟ್ಟಿತು. ಎಂಆರ್‌ಪಿ ಕೇಳುವುದು ಇಷ್ಟೇ: ಏನು ಬೇಕು, ಎಷ್ಟು ಬೇಕು, ಯಾವಾಗ ಬೇಕು. ‘ಎಷ್ಟು’ ಎಂಬಲ್ಲಿ ಸ್ಕ್ರ್ಯಾಪ್ ಶೇಕಡಾವಾರಾಗಿ ಒಳನುಗ್ಗಿತು.

ಆ ಗಣಿತವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ನೂರು ಒಳ್ಳೆಯ ಪೀಸು ಬೇಕು, ಶೇ. 10 ಕೆಡುತ್ತದೆ. ಜರ್ಮನಿಯ ಎಸ್‌ಎಪಿ ತಂತ್ರಾಂಶ ನೂರಕ್ಕೆ ಹತ್ತು ಸೇರಿಸಿ 110 ಮಾಡಿ ಎನ್ನುತ್ತದೆ. ಆದರೆ 110ರಲ್ಲಿ ಶೇ. 10 ಕೆಟ್ಟರೆ ಉಳಿಯುವುದು 99. ಒರಾಕಲ್‌ನ ತಯಾರಿಕಾ ತಂತ್ರಾಂಶ ನೂರನ್ನು 0.9ರಿಂದ ಭಾಗಿಸುತ್ತದೆ, ಉತ್ತರ 111ಕ್ಕಿಂತ ತುಸು ಹೆಚ್ಚು. ಶೇ. 2ರ ಸ್ಕ್ರ್ಯಾಪಿನಲ್ಲಿ ಈ ಅಂತರ ಕಣ್ಣಿಗೆ ಬೀಳುವುದಿಲ್ಲ. ಶೇ. 30 ಕೆಡುವ ಕಡೆ ಒಂದು 130 ಎನ್ನುತ್ತದೆ, ಇನ್ನೊಂದು 143. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ದತ್ತಾಂಶ ಸಾಗಿಸುವಾಗ ‘ಸ್ಕ್ರ್ಯಾಪ್ ಶೇಕಡಾ’ ಅಂಕಣವನ್ನು ಇದ್ದಂತೆಯೇ ನಕಲು ಮಾಡುವವರು ಇದನ್ನು ಗಮನಿಸಬೇಕು.

ಐಬಿಎಂ ಬಿಟ್ಟ ಐವರು 1972ರಲ್ಲಿ ಜರ್ಮನಿಯ ವೈನ್‌ಹೈಮ್‌ನಲ್ಲಿ ಕಟ್ಟಿದ ಎಸ್‌ಎಪಿ, 1992ರ ಆರ್/3 ಹೊತ್ತಿಗೆ ಈ ಯೋಜಿತ ಸ್ಕ್ರ್ಯಾಪನ್ನು ಮೂರು ಕವಲು ಮಾಡಿತ್ತು: ಇಡೀ ಅಸೆಂಬ್ಲಿಗೆ, ಬಿಡಿಭಾಗಕ್ಕೆ, ಒಂದೊಂದು ಆಪರೇಷನ್‌ಗೆ. ಮೂರನೆಯದು ಏಕೆ ಬೇಕಾಯಿತು? ಎರಕದ ಹೊದಿಕೆಯೊಂದಕ್ಕೆ ಮೊದಲು ಡ್ರಿಲ್ಲಿಂಗ್, ಆಮೇಲೆ ಅದರೊಳಗೆ ದುಬಾರಿ ಮೋಟಾರ್ ಕೂರಿಸುವ ಕೆಲಸ ಎಂದುಕೊಳ್ಳಿ. ಕೆಡುವುದೆಲ್ಲ ಡ್ರಿಲ್ಲಿಂಗ್‌ನಲ್ಲೇ. ಅಸೆಂಬ್ಲಿಗೆ ಶೇ. 10 ಎಂದು ಬರೆದರೆ ಪ್ಲಾನ್ 110 ಹೊದಿಕೆಯ ಜೊತೆ 110 ಮೋಟಾರನ್ನೂ ಕೇಳುತ್ತದೆ. ಬೇಕಾದದ್ದು ಸುಮಾರು ನೂರು. ಮೋಟಾರಿನ ಸಾಲಿನಲ್ಲಿ ಆಪರೇಷನ್ ಸ್ಕ್ರ್ಯಾಪ್ ಬರೆದು ನಿವ್ವಳ ಎಂಬ ಗುರುತು ಹಾಕಿದರೆ ಈ ಹೆಚ್ಚುವರಿ ತಪ್ಪುತ್ತದೆ. ಬುದ್ಧಿವಂತ ಏರ್ಪಾಡು, ಆದರೆ ಇದೆಲ್ಲ ಇನ್ನೂ ಕೆಲಸ ಶುರುವಾಗುವುದಕ್ಕೆ ಮುಂಚಿನ ಲೆಕ್ಕ.

ಕೆಟ್ಟ ಮೇಲಿನ ದಾಖಲೆ ಅದೇ ತಂತ್ರಾಂಶದಲ್ಲಿ ಚದುರಿಕೊಂಡಿದೆ. ಸ್ಟೋರ್ಸಿನಲ್ಲಿದ್ದ ಮಾಲನ್ನು ಸ್ಕ್ರ್ಯಾಪ್ ಮಾಡಿದರೆ 551 ಎಂಬ ಮೂವ್‌ಮೆಂಟ್ ಟೈಪ್. ಆರ್ಡರ್ ಕನ್ಫರ್ಮೇಷನ್‌ನಲ್ಲಿ ಸ್ಕ್ರ್ಯಾಪ್ ಸಂಖ್ಯೆಗೊಂದು, ಕಾರಣದ ಕೋಡಿಗೊಂದು ಖಾನೆ ಇದೆ; ಆದರೆ ಅಲ್ಲಿ ಸಂಖ್ಯೆ ತುಂಬಿದ ಮಾತ್ರಕ್ಕೆ ಸ್ಕ್ರ್ಯಾಪ್ ದಾಸ್ತಾನಾಗಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಮಾರಿದರೆ ಕಾಸು ಬರುವ ಚಿಪ್ಸ್, ತುಂಡುಗಳನ್ನು ಬಿಒಎಂನಲ್ಲಿ ಋಣ ಸಂಖ್ಯೆಯಾಗಿ ಬರೆದು 531ರಿಂದ ಸ್ಟಾಕಿಗೆ ತರಬೇಕು. ಬಳಕೆಯ ಪಟ್ಟಿಯಲ್ಲಿ ಮೈನಸ್ ಚಿಹ್ನೆ ಹೊತ್ತು ಕೂತ ಈ ಸಾಲು, ಸ್ಕ್ರ್ಯಾಪಿಗೆ ಸ್ವಂತ ಜಾಗ ಕೊಡದೆ ಇದ್ದ ಜಾಗದಲ್ಲೇ ಹೊಂದಿಸಿದ್ದಕ್ಕೆ ಒಳ್ಳೆಯ ಸಾಕ್ಷಿ.

ಟೊಯೊಟಾದ ತೈಚಿ ಓನೊ ಸ್ಕ್ರ್ಯಾಪನ್ನು ಮೊದಲೇ ಯೋಜಿಸುವ ಈ ಪಂಥದ ಹೊರಗೇ ನಿಂತರು. 1978ರ ಅವರ ಪುಸ್ತಕದಲ್ಲಿ ಏಳು ಬಗೆಯ ವ್ಯರ್ಥಗಳ ಪಟ್ಟಿ ಇದೆ. ಕೆಟ್ಟ ಪೀಸು ಅದರಲ್ಲೊಂದು. ಕೆಟ್ಟದ್ದು ಬಂದರೆ ಲೈನ್ ನಿಲ್ಲಿಸಿ ಕಾರಣ ಹುಡುಕುವ ಪದ್ಧತಿಯ ಎದುರು ಶೇ. 10 ಎಂಬ ಖಾನೆ ಕೆಡಿಸುವುದಕ್ಕೆ ಕೊಟ್ಟ ಅನುಮತಿಯಂತೆ ಕಾಣುತ್ತದೆ. ವಿಚಿತ್ರವೆಂದರೆ, ದಾಖಲೆಯ ಕೆಲಸ ಕಡಿಮೆ ಮಾಡಲು ಜಸ್ಟ್-ಇನ್-ಟೈಮ್ ಜೊತೆ ಹರಡಿದ ಬ್ಯಾಕ್‌ಫ್ಲಶ್ ಪದ್ಧತಿ ಸ್ಕ್ರ್ಯಾಪನ್ನು ಇನ್ನಷ್ಟು ಮರೆಮಾಡಿತು. ಸಿದ್ಧವಾದ ಪೀಸುಗಳನ್ನು ಎಣಿಸಿ, ಬಿಒಎಂ ಪ್ರಕಾರ ಕಚ್ಚಾ ಮಾಲನ್ನು ತಂತ್ರಾಂಶವೇ ಕಳೆದುಬಿಡುತ್ತದೆ. ಕೆಟ್ಟದ್ದನ್ನು ಯಾರಾದರೂ ಪ್ರತ್ಯೇಕವಾಗಿ ಬರೆಯದಿದ್ದರೆ ಅದು ಹೊರಬೀಳುವುದು ಸ್ಟಾಕ್ ಎಣಿಕೆಯ ದಿನ, ಕಾರಣವಿಲ್ಲದ ಕೊರತೆಯಾಗಿ.

ಭಾರತದಲ್ಲಿ ಕಥೆ ಬೇರೆ ಬಾಗಿಲಿನಿಂದ ಬಂತು. 1985ರ ಸೆಂಟ್ರಲ್ ಎಕ್ಸೈಸ್ ಟ್ಯಾರಿಫ್ ಕಾಯ್ದೆಯಲ್ಲಿ ಲೋಹದ ತ್ಯಾಜ್ಯ ಮತ್ತು ಸ್ಕ್ರ್ಯಾಪಿಗೆ ತಮ್ಮದೇ ಶೀರ್ಷಿಕೆಗಳಿದ್ದವು. 1986ರ ಮಾರ್ಚ್ 1ರಿಂದ ಬಂದ ಮೋಡ್‌ವ್ಯಾಟ್‌ನಲ್ಲಿ ಕಚ್ಚಾ ಮಾಲಿನ ಮೇಲಿನ ಸುಂಕದ ಕ್ರೆಡಿಟ್ ಸಿಗುತ್ತಿದ್ದರಿಂದ, ಆ ಮಾಲು ಎಲ್ಲಿ ಹೋಯಿತು ಎಂದು ಕೇಳುವ ಹಕ್ಕು ಇಲಾಖೆಗೆ ಬಂತು. ಎಂಆರ್‌ಪಿ ಪೀಸುಗಳಲ್ಲಿ ಎಣಿಸುತ್ತಿತ್ತು. ಎಕ್ಸೈಸ್ ಇನ್‌ಸ್ಪೆಕ್ಟರು ಕಿಲೋದಲ್ಲಿ ಕೇಳುತ್ತಿದ್ದರು. ಪೀಣ್ಯದಂಥ ಕಡೆ ಜಾಬ್ ವರ್ಕ್ ಮಾಡುವ ಸಣ್ಣ ವರ್ಕ್‌ಶಾಪುಗಳಿಗೆ ಈ ತೂಕದ ಲೆಕ್ಕ ಚಲನ್ ಮೂಲಕವೇ ತಲುಪಿತು. ಇಲ್ಲಿನ ಕಾರ್ಖಾನೆಗಳಿಗೆ ಸ್ಕ್ರ್ಯಾಪ್ ಶಿಸ್ತು ಕಲಿಸಿದ ಶ್ರೇಯಸ್ಸನ್ನು ಗುಣಮಟ್ಟದ ಗುರುಗಳಿಗಿಂತ ಎಕ್ಸೈಸ್ ಇಲಾಖೆಗೇ ಹೆಚ್ಚು ಕೊಡಬೇಕೆಂದು ನನ್ನ ಅಭಿಪ್ರಾಯ; ಇದು ಎರಡೂ ಪಾಳಯಕ್ಕೆ ರುಚಿಸಲಾರದು.

ತೂಕದ ಲೆಕ್ಕ ಏನನ್ನು ಹೊರಗೆಡಹುತ್ತದೆ ಎಂಬುದಕ್ಕೆ ಒಂದು ಉದಾಹರಣೆ. 1.2 ಕಿಲೋ ಬಾರಿನಿಂದ 0.8 ಕಿಲೋದ ಶಾಫ್ಟ್. ಸಾವಿರ ಪೀಸಿಗೆ 1,200 ಕಿಲೋ ಮಾಲು ಇಶ್ಯೂ ಆಯಿತು. 980 ಪಾಸಾದವು: 784 ಕಿಲೋ. ಅವುಗಳ ಚಿಪ್ಸ್ 392 ಕಿಲೋ. ಉಳಿದ 20 ಪೀಸು ಅರ್ಧ ಕೆಲಸದಲ್ಲಿ ಕೆಂಪು ಬಿನ್ ಸೇರಿದವು. ಆಗ ತೂಕ ತಲಾ ಒಂದು ಕಿಲೋ, ಅಂದರೆ 20 ಕಿಲೋ ಗಟ್ಟಿ ಲೋಹ, 4 ಕಿಲೋ ಚಿಪ್ಸ್. ಗುಜರಿ ಅಂಗಳದಲ್ಲಿ 416 ಕಿಲೋ ಇರಬೇಕು. ಬಿಒಎಂ ಪ್ರಕಾರ ಒಳ್ಳೆಯ ಪೀಸುಗಳಿಗೆ ಮಾತ್ರ ಸ್ಕ್ರ್ಯಾಪ್ ಬರೆದುಕೊಳ್ಳುವ ತಂತ್ರಾಂಶ 392 ಎನ್ನುತ್ತದೆ. ಆ 24 ಕಿಲೋ ರಾತ್ರೋರಾತ್ರಿ ಗೇಟು ದಾಟಿದರೂ ಪುಸ್ತಕ ಸರಿಯಾಗಿಯೇ ಇರುತ್ತದೆ. ಇನ್ನೊಂದು ಕಡೆ ಚಿಪ್ಸಿಗೆ ಅಂಟಿದ ಕೂಲಂಟ್ ತೂಕ ಹೆಚ್ಚಿಸುತ್ತದೆ. ಹಸಿ ಚಿಪ್ಸ್ ತೂಗಿದರೆ ಕೊರತೆಯೂ ಮುಚ್ಚಿಹೋದೀತು. ಗಟ್ಟಿ ತುಂಡಿನ ದರ, ಚಿಪ್ಸಿನ ದರ ಬೇರೆ ಬೇರೆ, ಆದ್ದರಿಂದ ಎರಡನ್ನೂ ಒಂದೇ ಐಟಂ ಕೋಡಿನಲ್ಲಿ ಇಡುವುದು ಅಪಾಯ.

ಸಣ್ಣ ಕಾರ್ಖಾನೆಗಳಿಗೆ ಈ ದಾಖಲೆ ಬಹುಮಟ್ಟಿಗೆ ಟ್ಯಾಲಿ ಮೂಲಕ ಬಂತು. 1986ರಲ್ಲಿ ಆರಂಭವಾದ ಈ ಬೆಂಗಳೂರಿನ ಕಂಪನಿ 2009ರಲ್ಲಿ ಹೊರತಂದ ಟ್ಯಾಲಿ.ಇಆರ್‌ಪಿ 9ರಲ್ಲಿ ಬಿಒಎಂ ಸಾಲಿಗೆ ಬಿಡಿಭಾಗ, ಉಪೋತ್ಪನ್ನ, ಸಹ-ಉತ್ಪನ್ನ, ಸ್ಕ್ರ್ಯಾಪ್ ಎಂಬ ಬಗೆಗಳನ್ನು ಗುರುತಿಸಲು ಬರುತ್ತದೆ. ಮೈನಸ್ ಚಿಹ್ನೆಯ ಹಂಗು ಇಲ್ಲಿಲ್ಲ. ಆದರೆ ಇದು ಅಕೌಂಟೆಂಟರ ಕಣ್ಣಿನ ತಂತ್ರಾಂಶ. ಯಾವ ಮೆಷಿನ್, ಯಾವ ಶಿಫ್ಟ್ ಎಂಬುದು ಅದರ ಸಹಜ ಪ್ರಶ್ನೆಯಲ್ಲ.

2017ರ ಜುಲೈ 1ರ ಜಿಎಸ್‌ಟಿ ತೂಕದ ಪ್ರಶ್ನೆಯನ್ನು ಮುಂದುವರಿಸಿತು. ಕಾಯ್ದೆಯ 143ನೇ ವಿಧಿಯಂತೆ ಜಾಬ್ ವರ್ಕರ್ ಬಳಿ ಉಂಟಾದ ಸ್ಕ್ರ್ಯಾಪನ್ನು, ಆತ ನೋಂದಾಯಿತನಾಗಿದ್ದರೆ, ತೆರಿಗೆ ಕಟ್ಟಿ ಅಲ್ಲಿಂದಲೇ ಮಾರಬಹುದು. ಇಲ್ಲವಾದರೆ ಮಾಲು ಕಳಿಸಿದವರೇ ಮಾರಬೇಕು. ಐಟಿಸಿ-04 ಫಾರ್ಮಿನಲ್ಲಿ ನಷ್ಟ ಮತ್ತು ತ್ಯಾಜ್ಯಕ್ಕೆ ಪ್ರತ್ಯೇಕ ಅಂಕಣಗಳಿವೆ. 2024ರ ಅಕ್ಟೋಬರ್ 10ರಿಂದ ನೋಂದಣಿಯಿಲ್ಲದವರಿಂದ ಲೋಹದ ಸ್ಕ್ರ್ಯಾಪ್ ಕೊಂಡರೆ ಕೊಂಡ ನೋಂದಾಯಿತರೇ ತೆರಿಗೆ ಕಟ್ಟಬೇಕು. ನೋಂದಾಯಿತರ ನಡುವಿನ ವ್ಯವಹಾರದಲ್ಲಿ, ಒಪ್ಪಂದದ ಮೌಲ್ಯ ಎರಡೂವರೆ ಲಕ್ಷ ಮೀರಿದರೆ, ಶೇ. 2ರ ಟಿಡಿಎಸ್. ಹೀಗೆ ಸ್ಕ್ರ್ಯಾಪ್ ಮಾರಾಟದ ಬಿಲ್ ಬಿಗಿಯಾಯಿತು. ಆದರೆ ಆ ಬಿಲ್ಲಿಗೂ ಸ್ಕ್ರ್ಯಾಪ್ ಹುಟ್ಟಿದ ವರ್ಕ್ ಆರ್ಡರಿಗೂ ಕೊಂಡಿ ಹಾಕಬೇಕೆಂದು ಈ ನಿಯಮಗಳು ಕೇಳುವುದಿಲ್ಲ, ಹೀಗಾಗಿ ಬಹಳ ಕಡೆ ಆ ಕೊಂಡಿ ಹುಟ್ಟುವುದೂ ಇಲ್ಲ.

ಮುಕ್ತ ತಂತ್ರಾಂಶಗಳು ಇಲ್ಲಿ ಎರಡು ದಾರಿ ಹಿಡಿದಿವೆ. 2005ರಲ್ಲಿ ಬೆಲ್ಜಿಯಮ್‌ನಲ್ಲಿ ಟೈನಿಇಆರ್‌ಪಿ ಹೆಸರಿನಲ್ಲಿ ಆರಂಭವಾದ ಇಂದಿನ ಓಡೂ, ದಾಸ್ತಾನಿಗೂ ಜಮಾ-ಖರ್ಚಿನ ಜೋಡಿ ನಮೂದಿನ ತತ್ವ ಅನ್ವಯಿಸುತ್ತದೆ. ಕೆಟ್ಟ ಮಾಲು ‘ಸ್ಕ್ರ್ಯಾಪ್’ ಎಂಬ ಕಾಲ್ಪನಿಕ ಸ್ಥಳಕ್ಕೆ ಸರಿಯುತ್ತದೆ, ಎಲ್ಲಿಂದ ಎಷ್ಟು ಸರಿಯಿತೆಂಬ ಸಾಲು ಉಳಿಯುತ್ತದೆ. ಮುಂಬೈನ ಫ್ರಾಪೆ ಕಂಪನಿಯ ಇಆರ್‌ಪಿನೆಕ್ಸ್ಟ್ ಬಿಒಎಂನಲ್ಲೇ ಸ್ಕ್ರ್ಯಾಪ್ ಐಟಂ ಮತ್ತು ಪ್ರೋಸೆಸ್ ಲಾಸ್ ಎರಡನ್ನೂ ಬೇರೆ ಬೇರೆ ಇಡುತ್ತದೆ. ಮಾರಲು ಬರುವ ತುಂಡು ಒಂದು, ಆವಿಯಾಗಿಯೋ ಧೂಳಾಗಿಯೋ ಕಾಣೆಯಾಗುವುದು ಇನ್ನೊಂದು. ಸ್ಕ್ರ್ಯಾಪಿನ ಬೆಲೆಯನ್ನು ಸಿದ್ಧ ವಸ್ತುವಿನ ವೆಚ್ಚದಿಂದ ಕಳೆಯುತ್ತದೆ. ಉತ್ಪಾದನೆಯ ನಮೂದು ತೆರೆದಾಗ ಬಿಒಎಂನಲ್ಲಿ ಬರೆದ ಸ್ಕ್ರ್ಯಾಪ್ ಪ್ರಮಾಣ ತಾನಾಗಿ ತುಂಬಿಕೊಂಡಿರುತ್ತದೆ. ತಿದ್ದಬಹುದು, ಶಿಫ್ಟ್ ಮುಗಿಯುವ ಗಡಿಬಿಡಿಯಲ್ಲಿ ತಿದ್ದದೆಯೂ ಸಬ್ಮಿಟ್ ಒತ್ತಬಹುದು. ಹಾಗೆ ಒತ್ತಿದಾಗ ಎಷ್ಟು ಕೆಡಬಹುದು ಎಂಬ ಅಂದಾಜೇ ಎಷ್ಟು ಕೆಟ್ಟಿತು ಎಂಬ ದಾಖಲೆಯ ವೇಷದಲ್ಲಿ ಡೇಟಾಬೇಸ್ ಸೇರುತ್ತದೆ. ಆಡಿಟ್‌ಗೆ ಬಂದವರು ಮೊದಲು ತೆಗೆಸಬೇಕಾದ ರಿಪೋರ್ಟ್ ಈ ಎರಡು ಅಂಕಣಗಳದ್ದು: ತಿಂಗಳುಗಟ್ಟಲೆ ಎರಡೂ ದಶಾಂಶದವರೆಗೆ ಒಂದೇ ಆಗಿದ್ದರೆ ಆ ಶಾಪಿನಲ್ಲಿ ಸ್ಕ್ರ್ಯಾಪನ್ನು ಯಾರೂ ತೂಗಿಲ್ಲ.