ಹ್ಯೂರಿಸ್ಟಿಕ್ (ಮನೋವಿಜ್ಞಾನ)

ಹ್ಯೂರಿಸ್ಟಿಕ್ ಎಂಬುದು ಪೂರ್ಣ ಮಾಹಿತಿಯಾಗಲಿ ಸಾಕಷ್ಟು ಸಮಯವಾಗಲಿ ಇಲ್ಲದಿರುವಾಗ ಶೀಘ್ರವಾಗಿ ತೀರ್ಮಾನ ಕೈಗೊಳ್ಳಲು ಮನಸ್ಸು ಅನುಸರಿಸುವ ಸರಳ ವಿಧಾನವಾಗಿದೆ. ಗ್ರೀಕ್ ಭಾಷೆಯಲ್ಲಿ 'ಕಂಡುಹಿಡಿ' ಎಂಬರ್ಥವುಳ್ಳ ಧಾತುವಿನಿಂದ ಈ ಪದ ಬಂದಿದೆ. ಕನ್ನಡದಲ್ಲಿ ಇದನ್ನು ಮನಸ್ಸಿನ ಒಳದಾರಿ ಎನ್ನಬಹುದು. ದಿನನಿತ್ಯದ ಬಹುಪಾಲು ನಿರ್ಧಾರಗಳಿಗೆ ಈ ಒಳದಾರಿ ಸಾಕಾಗುತ್ತದೆ. ಕೆಲವು ಸಂದರ್ಭಗಳಲ್ಲಿ ಮಾತ್ರ ಅದು ಒಂದೇ ಬಗೆಯ ತಪ್ಪಿಗೆ ಮತ್ತೆ ಮತ್ತೆ ಎಡೆಮಾಡುತ್ತದೆ.

ಇತಿಹಾಸ

ಮನುಷ್ಯನ ವಿವೇಚನೆಗೆ ಮಿತಿಗಳಿರುವುದರಿಂದ ಅವನು ಅತ್ಯುತ್ತಮವಾದುದನ್ನು ಹುಡುಕುತ್ತ ಕೂರದೆ, ಸಾಕೆನಿಸಿದ್ದನ್ನು ಆರಿಸಿಕೊಳ್ಳುತ್ತಾನೆಂದು ಹರ್ಬರ್ಟ್ ಸೈಮನ್ 1950ರ ದಶಕದಲ್ಲಿ ಪ್ರತಿಪಾದಿಸಿದರು. ಏಮಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1974ರಲ್ಲಿ 'ಸೈನ್ಸ್' ಪತ್ರಿಕೆಯ ಲೇಖನವೊಂದರಲ್ಲಿ ಮೂರು ಮುಖ್ಯ ಹ್ಯೂರಿಸ್ಟಿಕ್‌ಗಳನ್ನು ವಿವರಿಸಿದರು. ಕಾನೆಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಸರಳ ವಿಧಾನಗಳು ಎಷ್ಟೋ ವೇಳೆ ಕ್ಲಿಷ್ಟ ಲೆಕ್ಕಾಚಾರದಷ್ಟೇ ಸರಿಯಾದ ಉತ್ತರ ನೀಡುತ್ತವೆ ಎಂಬುದು ಜರ್ಮನಿಯ ಮನೋವಿಜ್ಞಾನಿ ಗೆರ್ಡ್ ಗಿಗೆರೆನ್ಜರ್ ಅವರ ವಾದ.

ಮುಖ್ಯ ವಿಧಗಳು

ಸಾದೃಶ್ಯ: ಪರಿಚಿತ ಮಾದರಿಗೆ ಹೋಲುವುದನ್ನು ಅದೇ ವರ್ಗಕ್ಕೆ ಸೇರಿಸುವುದು. ಕಾರ್ಯಪ್ಪ ಮತ್ತು ತಿಮ್ಮಯ್ಯನವರಂಥ ಸೇನಾನಿಗಳ ನಾಡಾದ ಕೊಡಗಿನಿಂದ ಬಂದ ದೃಢಕಾಯದ ಅಪರಿಚಿತನನ್ನು ಸೈನಿಕನೆಂದೇ ಊಹಿಸುವುದು ಇದಕ್ಕೆ ಉದಾಹರಣೆ. ಜಿಲ್ಲೆಯಲ್ಲಿ ಬೇಸಾಯ ಮತ್ತು ತೋಟದ ಕೆಲಸವನ್ನು ಅವಲಂಬಿಸಿದವರೇ ಹೆಚ್ಚೆಂಬುದು ಆಗ ಮರೆತುಹೋಗುತ್ತದೆ.

ಆಧಾರಾಂಕ: ಮೊದಲು ಕಂಡ ಸಂಖ್ಯೆಗೆ ಅಂದಾಜು ಅಂಟಿಕೊಳ್ಳುವುದು. ವಿಶ್ವಸಂಸ್ಥೆಯಲ್ಲಿ ಆಫ್ರಿಕದ ರಾಷ್ಟ್ರಗಳ ಪಾಲೆಷ್ಟೆಂದು ಕೇಳಿದಾಗ, ತಿರುಗುಚಕ್ರದಲ್ಲಿ 10 ಬಂದುದನ್ನು ಕಂಡವರ ಮಧ್ಯಕ ಅಂದಾಜು ಶೇ. 25, 65 ಕಂಡವರದು ಶೇ. 45 ಆಗಿತ್ತು. ಹಿಂದಿನ ವರ್ಷದ ದರವನ್ನೇ ಮನದಲ್ಲಿಟ್ಟುಕೊಂಡು ಕಾಫಿ ಮಾರದೆ ಕಾಯುವ ಬೆಳೆಗಾರನ ತೀರ್ಮಾನವೂ ಇದೇ ಬಗೆಯದು.

ಲಭ್ಯತೆ: ಸುಲಭವಾಗಿ ನೆನಪಿಗೆ ಬರುವ ಘಟನೆಯನ್ನು ಹೆಚ್ಚು ಸಂಭವನೀಯವೆಂದೂ, ನೆನಪಿಗೆ ಬಾರದುದನ್ನು ಅಸಂಭವವೆಂದೂ ಭಾವಿಸುವುದು.

ಕೊಡಗಿನ ಭೂಕುಸಿತಗಳು

ಲಭ್ಯತೆಯ ಮಿತಿಯನ್ನು ಕೊಡಗಿನ ಭೂಕುಸಿತಗಳ ಹಿನ್ನೆಲೆಯಲ್ಲಿ ಅರಿಯಬಹುದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಮೊದಲಾದೆಡೆ ಗುಡ್ಡಗಳು ಕುಸಿದು ಜೀವಹಾನಿಯಾಯಿತು; ಸಾವಿರಾರು ಜನ ಪರಿಹಾರ ಕೇಂದ್ರಗಳನ್ನು ಸೇರಿದರು. ಅಜ್ಜನ ಕಾಲದಿಂದ ಅಲುಗದ ಗುಡ್ಡ ಮುಂದೆಯೂ ಅಲುಗದೆಂಬ ನಂಬಿಕೆ ನೆನಪನ್ನಷ್ಟೇ ಆಧರಿಸಿರುತ್ತದೆ. ದುರಂತದ ಬಳಿಕ ಅದೇ ನೆನಪು, ಕುಸಿದ ಊರುಗಳಷ್ಟೇ ಅಪಾಯಕಾರಿ ಎಂಬ ಭಾವನೆಯನ್ನು ಹುಟ್ಟಿಸಬಲ್ಲದು. ಆದರೆ 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲೂ ಪ್ರಾಣಹಾನಿಯಾದ ಕುಸಿತ ಸಂಭವಿಸಿತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ.

ನೆನಪು ಮತ್ತು ದಾಖಲೆ

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುವ ರೂಢಿಯಿದೆ. 'ಇಂಥ ಮಳೆ ಎಂದೂ ಕಂಡಿಲ್ಲ' ಎಂಬ ಮಾತನ್ನು ಒರೆಗೆ ಹಚ್ಚಲು ಇಂಥ ದಾಖಲೆ ನೆರವಾಗುತ್ತದೆ. ಗುಡ್ಡದ ಸ್ಥಿರತೆಯನ್ನು ನಿರ್ಧರಿಸುವಾಗ ಹಿಂದಿನ ದಿನಗಳ ಒಟ್ಟು ಮಳೆ, ಇಳಿಜಾರು, ಮಣ್ಣಿನ ಗುಣ, ರಸ್ತೆ ಅಥವಾ ಮನೆಗಾಗಿ ಗುಡ್ಡ ಕಡಿದಿರುವುದು, ಇವೆಲ್ಲವನ್ನೂ ಪರಿಗಣಿಸಬೇಕಾಗುತ್ತದೆ. ಒಳದಾರಿಯನ್ನು ಸಂಪೂರ್ಣವಾಗಿ ತ್ಯಜಿಸುವುದು ಅಸಾಧ್ಯ. ತಪ್ಪಿದರೆ ಪ್ರಾಣಕ್ಕೇ ಅಪಾಯವಿರುವಲ್ಲಿ ನೆನಪನ್ನು ಅಳತೆಯೊಡನೆ ಹೋಲಿಸಿ ನೋಡುವುದು ಅಗತ್ಯ.