ಉಣುಗು: ಬಗೆಗಳು, ಕಡಿತ ಮತ್ತು ಕಾಯಿಲೆಗಳ ಇತಿಹಾಸ

ಉಣುಗು ಅಥವಾ ಉಣ್ಣೆ ರಕ್ತ ಕುಡಿದು ಬದುಕುವ ಜೀವಿ. ನೋಡಿದರೆ ಹುಳದಂತಿದ್ದರೂ ಇದು ಕೀಟವಲ್ಲ, ಜೇಡ ಚೇಳುಗಳ ಬಳಗದ್ದು. ಮೊಟ್ಟೆಯಿಂದ ಹೊರಬರುವ ಮರಿಗೆ ಆರೇ ಕಾಲು. ಒಮ್ಮೆ ಹೊಟ್ಟೆ ತುಂಬ ಕುಡಿದು ಪೊರೆ ಕಳಚಿದರೆ ಎಂಟು ಕಾಲಿನ ನಿಂಫ್ ಆಗುತ್ತದೆ, ಹೆಚ್ಚಿನ ಬಗೆಗಳಲ್ಲಿ ಇನ್ನೊಮ್ಮೆ ಕುಡಿದು ಕಳಚಿದರೆ ಬೆಳೆದ ಉಣುಗು. ಜಗತ್ತಿನಲ್ಲಿ ಸುಮಾರು 900 ಪ್ರಭೇದಗಳಿವೆ. ಮ್ಯಾನ್ಮಾರಿನಲ್ಲಿ ಸಿಕ್ಕ, ಸುಮಾರು 9.9 ಕೋಟಿ ವರ್ಷ ಹಳೆಯ ಅಂಬರಿನೊಳಗೆ ಡೈನೋಸಾರ್ ಗರಿಯನ್ನು ಅಪ್ಪಿ ಹಿಡಿದ ಉಣುಗೊಂದು ಇರುವುದನ್ನು ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದರು. ಮನುಷ್ಯ ಇದರ ಊಟದ ಎಲೆಗೆ ಬಂದದ್ದು ತೀರ ಈಚೆಗೆ.

ಮುಖ್ಯವಾಗಿ ಎರಡು ಬಗೆ. ಬೆನ್ನ ಮೇಲೆ ಗಟ್ಟಿ ಫಲಕವಿರುವವು ಗಟ್ಟಿ ಉಣುಗುಗಳು. ಇವು ಮೈಗೆ ಅಂಟಿದರೆ ದಿನಗಟ್ಟಲೆ ಬಿಡುವುದಿಲ್ಲ. ಕುಡಿದು ಊದಿದ ಹೆಣ್ಣು ಹರಳುಬೀಜದಷ್ಟಾಗಿ ಕಳಚಿ ಬಿದ್ದು, ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ಮೆತ್ತನೆಯ ಉಣುಗುಗಳು ಗೋಡೆಯ ಬಿರುಕು, ಹಕ್ಕಿಗೂಡು, ಬಿಲಗಳಲ್ಲಿ ಅಡಗಿದ್ದು, ಬಂದು ಅರ್ಧ ಗಂಟೆ ಒಂದು ಗಂಟೆಯೊಳಗೆ ಕುಡಿದು ಮರಳುತ್ತವೆ. ಕೋಳಿಗೂಡಿನ ಸಂದಿನಲ್ಲಿ ಹಗಲೆಲ್ಲ ಅವಿತು ರಾತ್ರಿ ಕೋಳಿಯ ಕಾಲಿಗೆ ಹತ್ತುವ ಆರ್ಗಾಸ್ ಪರ್ಸಿಕಸ್ ಈ ಬಗೆಯದು. ಮೂರನೆಯ ಕುಟುಂಬವೂ ಒಂದಿದೆ, ಆದರೆ ಅದರಲ್ಲಿ ಇಂದು ಬದುಕಿರುವುದು ಆಫ್ರಿಕಾದ ಒಂದೇ ಒಂದು ಪ್ರಭೇದ.

ಗಟ್ಟಿ ಉಣುಗುಗಳಲ್ಲೂ ಒಂದೊಂದರ ನಡತೆ ಒಂದೊಂದು. ದನದ ಉಣ್ಣೆ, ಅಂದರೆ ರೈಪಿಸೆಫಾಲಸ್ ಮೈಕ್ರೋಪ್ಲಸ್, ಮರಿಯಿಂದ ಮುಪ್ಪಿನವರೆಗೆ ಒಂದೇ ದನದ ಮೇಲೆ ಬಾಳುತ್ತದೆ. ಕಂದು ಬಣ್ಣದ ನಾಯಿ ಉಣ್ಣೆಗೆ ಕಾಡೇ ಬೇಕಿಲ್ಲ, ಮನೆಯೊಳಗೇ ಸಂಸಾರ ಹೂಡಿ ಗೋಡೆ ಹತ್ತುತ್ತದೆ. ಹಯಲೋಮಾ ಜಾತಿಯವು ಕಾಯುತ್ತ ಕೂರುವುದಿಲ್ಲ, ನೆಲದ ಮೇಲೆ ಓಡಿ ಬಂದು ಹಿಡಿಯುತ್ತವೆ. ಕ್ರಿಮಿಯನ್ ಕಾಂಗೋ ರಕ್ತಸ್ರಾವ ಜ್ವರ ಹರಡುವುದು ಇವುಗಳಿಂದ. ಭಾರತದಲ್ಲಿ ಅದು 2011ರಲ್ಲಿ ಗುಜರಾತಿನಲ್ಲಿ ದೃಢಪಟ್ಟಿತು. ಹೆಚ್ಚಿನವು ಹುಲ್ಲಿನ ತುದಿಗೋ ಪೊದೆಯ ಎಲೆಗೋ ಏರಿ ಮುಂಗಾಲು ಚಾಚಿ ಕಾಯುತ್ತವೆ. ಉಸಿರಿನ ಇಂಗಾಲದ ಡೈಆಕ್ಸೈಡು, ಮೈಯ ಬಿಸಿ, ವಾಸನೆ ಇವುಗಳನ್ನು ಗುರುತಿಸುವ ಅಂಗ ಆ ಮುಂಗಾಲಿನಲ್ಲೇ ಇದೆ. ಉಣುಗು ಹಾರುವುದಿಲ್ಲ, ಮರದಿಂದ ತಲೆಯ ಮೇಲೆ ಧುಮುಕುವುದೂ ಇಲ್ಲ. ಕಾಲಿನಿಂದ ಹತ್ತಿ ಮೇಲೆ ಹೋಗುತ್ತದೆ.

ಪ್ರಾಚೀನರಿಗೆ ಉಣುಗು ಗೊತ್ತಿತ್ತು, ಅದರ ಹುಟ್ಟು ಗೊತ್ತಿರಲಿಲ್ಲ. ಅರಿಸ್ಟಾಟಲ್ ಅದು ಹುಲ್ಲಿನಿಂದಲೇ ಹುಟ್ಟುತ್ತದೆಂದು ಬರೆದ. ರೋಮಿನ ಪ್ಲಿನಿಯ ಲೆಕ್ಕದಲ್ಲಿ ಅದಕ್ಕೆ ಹೊಟ್ಟೆಯಿಂದ ಹೊರದಾರಿಯೇ ಇಲ್ಲ, ಕುಡಿದು ಕುಡಿದು ಒಡೆದು ಸಾಯುತ್ತದೆ. ಇದು ಕಾಯಿಲೆ ತರಬಹುದೆಂದು ಪ್ರಯೋಗದಿಂದ ತೋರಿಸಲು ಹತ್ತೊಂಬತ್ತನೆಯ ಶತಮಾನದ ಕೊನೆಯೇ ಬರಬೇಕಾಯಿತು. ಅದನ್ನು ಮೊದಲು ಊಹಿಸಿದವರು ವಿಜ್ಞಾನಿಗಳಲ್ಲ, ದನ ಕಾಯುವವರು. ಈ ಇತಿಹಾಸದಲ್ಲಿ ಹೀಗಾದದ್ದು ಒಂದೇ ಸಲವಲ್ಲ.

ಅಮೆರಿಕದ ಟೆಕ್ಸಾಸಿನಿಂದ ಉತ್ತರಕ್ಕೆ ಹೊಡೆದುಕೊಂಡು ಹೋದ ದನಗಳು ತಾವು ಗಟ್ಟಿಮುಟ್ಟಾಗಿಯೇ ಇರುತ್ತಿದ್ದವು. ಆದರೆ ಅವು ಮೇದುಹೋದ ಹುಲ್ಲುಗಾವಲಿನಲ್ಲಿ ಕೆಲವು ವಾರಗಳ ಮೇಲೆ ಉತ್ತರದ ದನಗಳು ಜ್ವರ ಬಂದು, ಕೆಂಪು ಮೂತ್ರ ಹೊಯ್ದು ಸಾಯುತ್ತಿದ್ದವು. ಮಿಸೌರಿಯ ರೈತರು ಬಂದೂಕು ಹಿಡಿದು ಟೆಕ್ಸಾಸ್ ದನಗಳನ್ನು ಗಡಿಯಲ್ಲೇ ತಡೆದದ್ದೂ ಉಂಟು. ಉಣ್ಣೆಯೇ ಕಾರಣವೆಂಬ ದನಗಾಹಿಗಳ ಮಾತನ್ನು ಕಲಿತವರು ಬಹುಕಾಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಥಿಯೋಬಾಲ್ಡ್ ಸ್ಮಿತ್ ಮತ್ತು ಎಫ್. ಎಲ್. ಕಿಲ್‌ಬೋರ್ನ್ 1889ರಿಂದ ಅದನ್ನೇ ಪರೀಕ್ಷೆಗೆ ಇಟ್ಟರು. ಒಂದು ಬೇಲಿಯೊಳಗೆ ಉಣ್ಣೆ ಹೊತ್ತ ದಕ್ಷಿಣದ ದನ, ಇನ್ನೊಂದರೊಳಗೆ ಕೈಯಿಂದ ಒಂದೊಂದಾಗಿ ಉಣ್ಣೆ ಹೆಕ್ಕಿ ತೆಗೆದ ದನ, ಮತ್ತೊಂದರಲ್ಲಿ ದಕ್ಷಿಣದ ದನವೇ ಇಲ್ಲದೆ ಬರಿಯ ಉಣ್ಣೆ; ಮೂರರಲ್ಲೂ ಉತ್ತರದ ದನಗಳನ್ನು ಬಿಟ್ಟರು. ಉತ್ತರದ ದನಗಳು ಕಾಯಿಲೆ ಬಿದ್ದದ್ದು ಉಣ್ಣೆಯಿದ್ದ ಬೇಲಿಗಳಲ್ಲಿ ಮಾತ್ರ. ನಡುವಿನ ವಾರಗಳ ಒಗಟೂ ಬಿಡಿಸಿಕೊಂಡಿತು: ಕೆಳಗೆ ಬಿದ್ದ ಹೆಣ್ಣು ಮೊಟ್ಟೆಯಿಟ್ಟು, ಮರಿಯಾಗಿ, ರೋಗಾಣುವನ್ನು ತಾಯಿಯಿಂದಲೇ ಪಡೆದ ಆ ಮರಿ ಹೊಸ ದನವನ್ನು ಹತ್ತುವಷ್ಟು ಹೊತ್ತು ಅದು. 1893ರಲ್ಲಿ ಇವರ ವರದಿ ಹೊರಬಂತು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಕಂಡದ್ದು ಅದಾಗಿ ನಾಲ್ಕು ವರ್ಷಕ್ಕೆ, 1897ರಲ್ಲಿ. ಶಾಲಾ ಪುಸ್ತಕಗಳಲ್ಲಿ ಸೊಳ್ಳೆಗೆ ಸಿಕ್ಕ ಜಾಗ ಉಣ್ಣೆಗೆ ಸಿಗಲಿಲ್ಲ.

ಮನುಷ್ಯರ ಸರದಿ ಬೇಗನೇ ಬಂತು. ಮೊಂಟಾನಾದ ಬಿಟರ್‌ರೂಟ್ ಕಣಿವೆಯ ಚುಕ್ಕಿಜ್ವರ ಉಣುಗಿನಿಂದ ಬರುತ್ತದೆಂದು ಹೊವರ್ಡ್ ರಿಕೆಟ್ಸ್ 1906ರಲ್ಲಿ ತೋರಿಸಿದ. ನಾಲ್ಕು ವರ್ಷದಲ್ಲಿ ಮೆಕ್ಸಿಕೊದಲ್ಲಿ ಟೈಫಸ್ ಅಧ್ಯಯನ ಮಾಡುತ್ತ ಅದೇ ಕಾಯಿಲೆಗೆ ತೀರಿಕೊಂಡ. ಅದೇ ಕಣಿವೆಯ ಪ್ರಯೋಗಾಲಯದಲ್ಲಿ ಸ್ಪೆನ್ಸರ್ ಮತ್ತು ಪಾರ್ಕರ್ 1924ರಲ್ಲಿ ಸೋಂಕಿನ ಉಣುಗುಗಳನ್ನು ಅರೆದು ಚುಕ್ಕಿಜ್ವರಕ್ಕೆ ಲಸಿಕೆ ಮಾಡಿದರು. ಸ್ಪೆನ್ಸರ್ ಮೊದಲ ಚುಚ್ಚುಮದ್ದನ್ನು ತನ್ನ ತೋಳಿಗೇ ಹಾಕಿಸಿಕೊಂಡ. ಕನೆಕ್ಟಿಕಟ್‌ನ ಲೈಮ್ ಎಂಬಲ್ಲಿ ಮಕ್ಕಳ ಮಂಡಿ ಊದಿಕೊಳ್ಳುತ್ತಿದ್ದುದನ್ನು ಪಟ್ಟಿ ಮಾಡಿ 1975ರಲ್ಲಿ ಆರೋಗ್ಯ ಇಲಾಖೆಯ ಬಾಗಿಲು ತಟ್ಟಿದ್ದು ಪಾಲಿ ಮರ್ರಿ ಎಂಬ ತಾಯಿ. ಆ ಊದಿಕೆಗೆ, ಅಂದರೆ ಲೈಮ್ ಕಾಯಿಲೆಗೆ, ಕಾರಣವಾದ ಸುರುಳಿ ಬ್ಯಾಕ್ಟೀರಿಯಾವನ್ನು ಉಣುಗಿನಲ್ಲಿ ಕಂಡದ್ದನ್ನು ವಿಲ್ಲಿ ಬರ್ಗ್‌ಡಾರ್ಫರ್ 1982ರಲ್ಲಿ ಪ್ರಕಟಿಸಿದ.

ಕರ್ನಾಟಕದ ಹೆಸರು ಈ ಇತಿಹಾಸದಲ್ಲಿ ಸೇರಿದ್ದು 1957ರಲ್ಲಿ. ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ ಮತ್ತು ಕೆಂಪು ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳಲ್ಲಿ ತಲೆ ಸಿಡಿಯುವ ಜ್ವರ, ಸೊಂಟ ಮೀನಖಂಡಗಳ ವಿಪರೀತ ನೋವು, ಕೆಲವರಿಗೆ ಮೂಗು ಒಸಡುಗಳಲ್ಲಿ ರಕ್ತ. ಎರಡಕ್ಕೂ ನಂಟಿದೆಯೆಂದು ಊರವರು ಆಗಲೇ ಮಂಗನ ಕಾಯಿಲೆ ಎನ್ನುತ್ತಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮೊದಲು ಬಂದ ಅನುಮಾನ ಭಯಂಕರವಾದದ್ದು: ಏಷ್ಯಾಕ್ಕೆ ಎಂದೂ ಕಾಲಿಡದ ಹಳದಿ ಜ್ವರ ಬಂದುಬಿಟ್ಟಿತೇ? ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೋ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ವೈರಾಣುವನ್ನು ಬೇರ್ಪಡಿಸಿದಾಗ ಅದು ಹಳದಿ ಜ್ವರದ್ದಾಗಿರಲಿಲ್ಲ. 1937ರಲ್ಲಿ ಲೆವ್ ಜಿಲ್ಬರ್ ತಂಡ ಸೋವಿಯತ್ ಪೂರ್ವತುದಿಯ ಕಾಡುಗಳಲ್ಲಿ ಕಂಡಿದ್ದ ಉಣುಗಿನ ಮಿದುಳುಜ್ವರದ ವೈರಾಣುವಿನ ದಾಯಾದಿ ಅದು. ಹಾಗಾದರೆ ವಲಸೆ ಹಕ್ಕಿಗಳು ಸೈಬೀರಿಯಾದಿಂದ ಹೊತ್ತು ತಂದವೇ? ಈ ಪ್ರಶ್ನೆಯ ನೆರಳಿನಲ್ಲೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಸಲೀಂ ಅಲಿಯವರ ಮುಂದಾಳ್ತನದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಶುರುಮಾಡಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಭಾರತದ ಪಕ್ಷಿ ವಲಸೆಯ ಬಗ್ಗೆ ಮಾತ್ರ ಅಪಾರ ತಿಳಿವಳಿಕೆ ಸಿಕ್ಕಿತು.

ವಾಹಕ ಸ್ಥಳೀಯವೇ: ಹಿಮಫೈಸಾಲಿಸ್ ಸ್ಪೈನಿಜೆರಾ. ಇದರ ಮರಿ ಮತ್ತು ನಿಂಫ್‌ಗಳು ಇಲಿ, ಅಳಿಲು, ನೆಲದ ಹಕ್ಕಿ, ಮಂಗಗಳ ರಕ್ತ ಕುಡಿಯುತ್ತವೆ, ಬೆಳೆದವು ದನ ಮತ್ತು ದೊಡ್ಡ ಪ್ರಾಣಿಗಳದ್ದು. ಮನುಷ್ಯನನ್ನು ಕಚ್ಚುವುದು ಬಹುತೇಕ ನಿಂಫ್, ಎಳ್ಳಿನಷ್ಟೂ ಇಲ್ಲದ್ದು. ಮಳೆ ನಿಂತು ಎಲೆ ಉದುರುವ ಕಾಲಕ್ಕೆ ಅದರ ಸುಗ್ಗಿ. ಮಲೆನಾಡಿನವರು ದರಗು ಗುಡಿಸಲು, ಸೊಪ್ಪು ಸೌದೆ ತರಲು ಕಾಡಿಗೆ ಹೋಗುವುದೂ ಆಗಲೇ. ಹೀಗಾಗಿ ಡಿಸೆಂಬರಿನಿಂದ ಮೇವರೆಗೆ ಕಾಯಿಲೆಯ ಕಾಲ. ಮಂಗ ಸತ್ತಾಗ ತಣ್ಣಗಾದ ಮೈಯಿಂದ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಸತ್ತ ಮಂಗದ ಸುತ್ತ 50 ಮೀಟರಿನವರೆಗೆ ಮೆಲಾಥಿಯಾನ್ ಕೀಟನಾಶಕ ಹಾಕುವ ಪದ್ಧತಿ ಇದರಿಂದ ಬಂತು.

ಕಾಯಿಲೆ ಇದ್ದಕ್ಕಿದ್ದಂತೆ ಎದ್ದದ್ದು ಯಾಕೆ ಎಂಬುದಕ್ಕೆ ಜಾರ್ಜ್ ಬೋಶೆಲ್ 1969ರಲ್ಲಿ ಕೊಟ್ಟ ವಿವರಣೆ ಇಂದಿಗೂ ತೂಕದ್ದು. ಕಾಡು ಕಡಿದು ಗದ್ದೆ ಮಾಡಿ, ಅಂಚಿನಲ್ಲಿ ಲಂಟಾನ ಬೆಳೆದು, ದನಗಳು ಕಾಡಿಗೆ ನುಗ್ಗಿ ಮೇದಾಗ ಬೆಳೆದ ಉಣುಗಿಗೆ ಬೇಕಾದಷ್ಟು ಊಟ ಸಿಕ್ಕಿತು, ಸಂತತಿ ಉಕ್ಕಿತು. ದನದ ಮೈಯಲ್ಲಿ ವೈರಾಣು ಹೆಚ್ಚುವುದಿಲ್ಲ, ಉಣುಗು ಹೆಚ್ಚುತ್ತದೆ. ಬೆಳ್ತಂಗಡಿ ತಾಲೂಕಿನ ನಿಡ್ಲೆಯಲ್ಲಿ ಗೇರು ತೋಟಕ್ಕೆಂದು ಕಾಡು ಸವರಿದ ಬೆನ್ನಿಗೇ 1982–83ರಲ್ಲಿ ಎದ್ದ ದೊಡ್ಡ ಹಾವಳಿ ಈ ಮಾತಿಗೆ ಬಲ ಕೊಟ್ಟಿತು. 2012ರಿಂದ ಈಚೆಗೆ ಕಾಯಿಲೆ ಬಂಡೀಪುರ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಕಾಣಿಸಿತು. 2019ರ ಹೊತ್ತಿಗೆ ಸಾಗರ ತಾಲೂಕಿನ ಅರಳಗೋಡು ಅದರ ಹೊಡೆತಕ್ಕೆ ನಲುಗಿತು. ಸಾವಿನ ಪ್ರಮಾಣ ಸಾಮಾನ್ಯವಾಗಿ ಶೇ. 3ರಿಂದ 5. ವೈರಾಣುವನ್ನೇ ಕೊಲ್ಲುವ ಔಷಧವಿಲ್ಲ. ನೀರಿನಂಶ ಕಾಯ್ದು, ರಕ್ತಸ್ರಾವಕ್ಕೆ ಚಿಕಿತ್ಸೆ ಕೊಡುವುದೇ ದಾರಿ.

ಲಸಿಕೆಯ ಕಥೆ ಅಷ್ಟು ಸುಖದ್ದಲ್ಲ. ಮೊದಲು ಪ್ರಯೋಗಿಸಿದ ರಷ್ಯನ್ ಮಿದುಳುಜ್ವರದ ಲಸಿಕೆ ಫಲ ಕೊಡಲಿಲ್ಲ. ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ 1990ರಿಂದ ಮಲೆನಾಡಿನಲ್ಲಿ ಬಳಕೆಗೆ ಬಂತು, ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿತ್ತು. ಎರಡು ಡೋಸಿನ ಮೇಲೆ ಮತ್ತೆ ಮತ್ತೆ ಬೂಸ್ಟರ್ ಬೇಕಿತ್ತು, ಚುಚ್ಚಿದ ಜಾಗ ಬಹಳ ನೋಯುತ್ತಿತ್ತು; ಎರಡನೆಯದಕ್ಕೆ ಬಂದ ಅನೇಕರು ಮೂರನೆಯದಕ್ಕೆ ಬರುತ್ತಿರಲಿಲ್ಲ. ಪರಿಣಾಮವೂ ಕುಗ್ಗುತ್ತ ಬಂದು 2022ರಲ್ಲಿ ಬಳಕೆ ನಿಂತಿತು. ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ಅಲ್ಲಿಯವರೆಗೆ ಆಸರೆ ಉಣುಗನ್ನು ದೂರವಿಡುವ ಎಣ್ಣೆಯದು: ಹಿಂದೆ ಡಿಎಂಪಿ, ಈಗ ರಕ್ಷಣಾ ಸಂಶೋಧನಾ ಸಂಸ್ಥೆ ರೂಪಿಸಿದ ಡೆಪಾ. ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಹಚ್ಚಿ, ಉದ್ದ ಬಟ್ಟೆ ತೊಟ್ಟು, ಬಂದ ಮೇಲೆ ಬಿಸಿನೀರು ಸೋಪಿನಲ್ಲಿ ಮಿಂದು ಬಟ್ಟೆ ಒಗೆಯುವುದು ಅಲ್ಲಿನ ಆರೋಗ್ಯ ಕಾರ್ಯಕರ್ತರು ಪ್ರತಿ ವರ್ಷ ಹೇಳುವ ಮಾತು.

ಕಚ್ಚಿದ ಉಣುಗನ್ನು ಬಿಡಿಸಲು ಜನ ಮಾಡದ ಉಪಾಯವಿಲ್ಲ: ಸೀಮೆಎಣ್ಣೆ, ಸುಣ್ಣ, ಬೀಡಿಯ ಕಿಡಿ, ಉಗುರು ಬಣ್ಣ. ಇವ್ಯಾವುದನ್ನೂ ವೈದ್ಯರು ಒಪ್ಪುವುದಿಲ್ಲ. ಅದರ ಮೂತಿಯಲ್ಲಿ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ, ಹಲವು ಪ್ರಭೇದಗಳು ಅಂಟನ್ನೂ ಸುರಿಸಿ ಕೂರುತ್ತವೆ. ಜೊಲ್ಲಿನಲ್ಲಿ ನೋವು ತಿಳಿಯದಂತೆ, ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುಗಳಿರುವುದರಿಂದ ಕಚ್ಚಿದ್ದೇ ಗೊತ್ತಾಗುವುದಿಲ್ಲ. ಸುಟ್ಟು ಕೆರಳಿಸಿದರೆ ಜೊಲ್ಲು ಇನ್ನಷ್ಟು ಗಾಯದೊಳಗೆ ಇಳಿಯಬಹುದು. ಸಣ್ಣ ಮೊನೆಯ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ, ಒಂದೇ ಸಮನೆ ಮೇಲಕ್ಕೆ ಎಳೆಯಬೇಕು. ಉಗುರಿನಿಂದ ಹಿಸುಕಬಾರದು. ಲೈಮ್ ಬ್ಯಾಕ್ಟೀರಿಯಾ ಮೈಸೇರಲು ಸಾಮಾನ್ಯವಾಗಿ ಒಂದು ದಿನಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ, ಬೇಗ ತೆಗೆದರೆ ಉಳಿತಾಯವಿದೆ. ಮಿದುಳುಜ್ವರದ ವೈರಾಣುವಿಗೆ ನಿಮಿಷಗಳು ಸಾಕು. ಮಂಗನ ಕಾಯಿಲೆಯ ಜ್ವರ ಸಾಮಾನ್ಯವಾಗಿ ಕಚ್ಚಿದ 3ರಿಂದ 8 ದಿನದೊಳಗೆ ಏರುತ್ತದೆ. ಆದ್ದರಿಂದ ಸೋಪಿನಿಂದ ತೊಳೆದು, ಕಚ್ಚಿದ ತಾರೀಖನ್ನು ನೆನಪಿಟ್ಟು, ಜ್ವರ ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನೂ ಹತ್ತಿರದಲ್ಲಿ ಮಂಗ ಸತ್ತಿದ್ದರೆ ಅದನ್ನೂ ವೈದ್ಯರಿಗೆ ಮೊದಲೇ ಹೇಳಬೇಕು.